ಕಾಸರಗೋಡಿನ ಗಡಿ ಪಂಚಾಯತ್‌ಗಳಲ್ಲಿ ಮೊಬೈಲ್ ಕಲಿಕೆ: ಮೊದಲು ಏನನ್ನು ಕಲಿಸಬೇಕು, ಯಾವ ಭಾಷೆಯಲ್ಲಿ?

ಗಡಿನಾಡ ಓದುಗ

ಮಾನ್ಯರೇ,

ಮಂಜೇಶ್ವರ ತಾಲೂಕಿನ ನಮ್ಮ ಊರ ಗ್ರಂಥಾಲಯದಲ್ಲಿ ಈ ಮಳೆಗಾಲ ಕಳೆದ ಮೇಲೆ ಹಿರಿಯರಿಗೂ ಮನೆಯಲ್ಲಿರುವ ಹೆಂಗಸರಿಗೂ ಮೊಬೈಲ್ ಬಳಕೆಯ ತರಗತಿ ನಡೆಸಬೇಕೆಂದು ಕೆಲವರು ಸೇರಿ ನಿಶ್ಚಯಿಸಿದ್ದೇವೆ. ಕೋಣೆ ಇದೆ, ವೈಫೈ ಇದೆ, ಕಲಿಸುತ್ತೇವೆಂದು ಮುಂದೆ ಬಂದ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. ಪಾಠಕ್ರಮ ಮಾತ್ರ ಇನ್ನೂ ಆಗಿಲ್ಲ. ಅದಕ್ಕೆ ಕೈ ಹಾಕುವ ಮೊದಲು ಈ ಕೆಲಸವನ್ನು ಬೇರೆ ಬೇರೆ ಕಡೆಯಿಂದ ಕಂಡವರ ಅಭಿಪ್ರಾಯ ತಿಳಿಯಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಈ ಸಮಸ್ಯೆ ನಮ್ಮದು ಮಾತ್ರವಲ್ಲ. ಜಗತ್ತಿನ ಮೊಬೈಲ್ ಕಂಪನಿಗಳ ಒಕ್ಕೂಟವಾದ ಜಿಎಸ್‌ಎಂಎ ಕೊಟ್ಟ 2023ರ ಲೆಕ್ಕದಂತೆ, ಮೊಬೈಲ್ ಇಂಟರ್‌ನೆಟ್ ಜಾಲವೇ ತಲುಪದ ಜಾಗದಲ್ಲಿ ಬದುಕುವವರು ವಿಶ್ವದ ಜನಸಂಖ್ಯೆಯ ಶೇ. 4ರಷ್ಟು ಮಾತ್ರ, ಜಾಲದ ವ್ಯಾಪ್ತಿಯೊಳಗೇ ಇದ್ದು ಅದನ್ನು ಬಳಸದವರು ಶೇ. 39, ಅಂದರೆ ಸುಮಾರು 310 ಕೋಟಿ ಜನ. ಇವರಲ್ಲಿ ಬಹುಪಾಲು ಜನ ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳವರು. ಏಕೆ ಬಳಸುವುದಿಲ್ಲವೆಂದು ಕೇಳಿದಾಗ ಮುಖ್ಯವಾಗಿ ಮುಂದೆ ಬರುವ ಕಾರಣಗಳು ಫೋನಿನ ಬೆಲೆ, ಮತ್ತು ಓದುಬರಹ ಹಾಗೂ ಬಳಕೆಯ ತಿಳಿವಳಿಕೆಯ ಕೊರತೆ. ಟವರು ಬಂದರೆ ಉಳಿದದ್ದು ತಾನಾಗಿ ಆಗುತ್ತದೆ ಎಂದು ಇಷ್ಟು ವರ್ಷ ನಂಬಿದ್ದವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಕಲಿಸುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಕೇಂದ್ರ ಸರಕಾರ 2017ರಲ್ಲಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವನ್ನು ಆರಂಭಿಸಿ, 6 ಕೋಟಿ ಗ್ರಾಮೀಣ ಮನೆಗಳಿಂದ ತಲಾ ಒಬ್ಬರಿಗೆ 20 ಗಂಟೆಗಳ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತ್ತು. ಆದರೆ ಅದು 14ರಿಂದ 60 ವರ್ಷದವರಿಗೆ ಮಾತ್ರ ಮೀಸಲಾಗಿತ್ತು. ನಮ್ಮ ರಾಜ್ಯದ ಡಿಜಿ ಕೇರಳ ಯೋಜನೆಯಲ್ಲಿ ವಯಸ್ಸಿಗೆ ಮೇಲಿನ ಮಿತಿ ಇರಲಿಲ್ಲ, ಅದು ಅದರ ದೊಡ್ಡ ಗುಣ. ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯತಿನಲ್ಲಿ 2022ರಲ್ಲಿ ಪೂರ್ಣಗೊಂಡ ಪ್ರಯೋಗ ರಾಜ್ಯಕ್ಕೆಲ್ಲ ಹರಡಿ, 2025ರ ಆಗಸ್ಟ್ 21ರಂದು ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಘೋಷಿಸಿದರು. ಮನೆಮನೆ ಹೊಕ್ಕು ಕಲಿಸಿದ ಸ್ವಯಂಸೇವಕರ ಶ್ರಮವನ್ನು ನಾನು ಮನಸಾರೆ ಗೌರವಿಸುತ್ತೇನೆ. ನನ್ನ ಚಿಂತೆ ಇರುವುದು ಘೋಷಣೆಯ ಮರುದಿನದ ಬಗ್ಗೆ: ಕಲಿತದ್ದು ಕೈಯಲ್ಲಿ ಉಳಿಯುವಂತೆ ಮಾಡುವವರು ಯಾರು?

ನಮ್ಮ ಕಡೆ ಇದರ ಮೇಲೆ ಇನ್ನೊಂದು ಪದರ ಇದೆ. ಪೆರ್ಲ, ಪೈವಳಿಕೆ, ವರ್ಕಾಡಿ ಕಡೆಯ ಯಾವುದೇ ಒಂದು ಮನೆಯನ್ನು ತೆಗೆದುಕೊಳ್ಳಿ. ಮನೆಮಾತು ತುಳುವೋ, ಹವ್ಯಕ ಕನ್ನಡವೋ, ಮರಾಠಿಯೋ, ಬ್ಯಾರಿಯೋ ಆಗಿರುತ್ತದೆ. ಶಾಲೆಯಲ್ಲಿ ತಿದ್ದಿದ ಅಕ್ಷರ ಕನ್ನಡ. ಕಚೇರಿಗಳಿಂದ ಬರುವ ಸಂದೇಶ ಬಹುಮಟ್ಟಿಗೆ ಮಲಯಾಳ. ಫೋನಿನ ಪರದೆ ಇಂಗ್ಲಿಷ್. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ಪತ್ರವ್ಯವಹಾರ ನಡೆಸಬಹುದು, ಅದೇ ಭಾಷೆಯಲ್ಲಿ ಉತ್ತರವನ್ನೂ ಪಡೆಯಬಹುದು. ಕಾಗದದ ಕಾಲದಲ್ಲಿ ದೊರೆತ ಈ ಹಕ್ಕು ಫೋನಿನ ಪರದೆಗೂ ಬರಬೇಕೆಂದು ನಾವು ಕೇಳುತ್ತಲೇ ಇರಬೇಕು. ಅದು ಬರುವವರೆಗೆ ನಮ್ಮ ಹಿರಿಯರು ಕಾದು ಕುಳಿತಿರಲು ಸಾಧ್ಯವಿಲ್ಲ.

ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಪಾಠಕ್ರಮವನ್ನು ಫೋನಿನಿಂದ ಆರಂಭಿಸಬಾರದು, ಮನುಷ್ಯನ ಒಂದು ಅಗತ್ಯದಿಂದ ಆರಂಭಿಸಬೇಕು. ದುಬಾಯಿಯಲ್ಲಿರುವ ಮಗನಿಗೆ ಧ್ವನಿ ಸಂದೇಶ ಕಳುಹಿಸಬೇಕೆಂಬ ತಾಯಿಗೆ ಅದೇ ಮೊದಲ ಪಾಠ. ಮಂಗಳೂರಿನ ಅಡಿಕೆ ಧಾರಣೆ ನೋಡಬೇಕೆಂಬ ಕೃಷಿಕನಿಗೆ ಅದೇ ಮೊದಲ ಪಾಠ. ಹಣಕಾಸಿನ ವ್ಯವಹಾರವನ್ನು ಎಲ್ಲಕ್ಕಿಂತ ಕೊನೆಗೆ ಇಡಬೇಕೆಂದು ನನಗನಿಸುತ್ತದೆ, ಏಕೆಂದರೆ ಅಲ್ಲಿ ಒಂದು ಸಲ ಪೆಟ್ಟು ತಿಂದವರು ಮತ್ತೆ ಫೋನನ್ನೇ ಮುಟ್ಟುವುದಿಲ್ಲ. ಈ ಕ್ರಮ ಸರಿಯೇ? ಅನುಭವಿಗಳು ದಯವಿಟ್ಟು ತಿದ್ದಬೇಕು.

ಕೌಂಟರಿನ ಈಚೆಯಿಂದ

ನಾನು ಜನರಿಗೆ ಆನ್‌ಲೈನ್ ಅರ್ಜಿಗಳನ್ನು ಹಾಕಿಕೊಡುವ ಒಂದು ಸೇವಾ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಇಂಥ ಕೇಂದ್ರಗಳನ್ನು ತಂದ ಕೇರಳ ಸರಕಾರದ ಅಕ್ಷಯ ಯೋಜನೆ 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಆರಂಭವಾದಾಗ ಅದರ ಮೊದಲ ಉದ್ದೇಶ ಪ್ರತಿ ಮನೆಯ ಒಬ್ಬರಿಗಾದರೂ ಕಂಪ್ಯೂಟರ್ ಕಲಿಸುವುದಾಗಿತ್ತು ಎಂಬುದನ್ನು ಈಗ ಹೆಚ್ಚಿನವರು ಮರೆತಿದ್ದಾರೆ. ಕಲಿಸುವ ಜಾಗವಾಗಿ ಹುಟ್ಟಿದ್ದು ಕಾಲಕ್ರಮದಲ್ಲಿ ಮಾಡಿಕೊಡುವ ಜಾಗವಾಯಿತು. ಅದು ಯಾರ ತಪ್ಪೂ ಅಲ್ಲ. ಸರತಿಯಲ್ಲಿ ನಿಂತವರಿಗೆ ಆ ದಿನದ ಕೆಲಸ ಆಗಬೇಕು, ನಮಗೆ ಮುಂದಿನವರನ್ನು ಕರೆಯಬೇಕು.

ನಿಮ್ಮ ಪಾಠಕ್ರಮಕ್ಕೆ ನಾನು ಸೇರಿಸಬಯಸುವ ಪಾಠ ಬಹಳ ಸಾಮಾನ್ಯವಾದದ್ದು: ತನ್ನ ಯಾವ ದಾಖಲೆಗೆ ಯಾವ ನಂಬರು ಜೋಡಣೆಯಾಗಿದೆ ಎಂದು ತಿಳಿದುಕೊಳ್ಳುವುದು. ನಮ್ಮ ಕೌಂಟರಿನಲ್ಲಿ ಕೆಲಸ ನಿಂತುಹೋಗುವುದು ಹೆಚ್ಚಾಗಿ ಇಲ್ಲಿಯೇ. ಪಿಂಚಣಿಯ ಕೆಲಸಕ್ಕೆ ಬಂದ ಹೆಂಗಸಿನ ಆಧಾರಿಗೆ ಕೊಟ್ಟಿರುವುದು ಮಗನ ನಂಬರು, ಮಗ ಇರುವುದು ಶಾರ್ಜಾದಲ್ಲಿ. ಒಟಿಪಿ ಅಲ್ಲಿಗೆ ಹೋಗುತ್ತದೆ. ಅವನು ಕೆಲಸದಲ್ಲಿದ್ದರೆ ಫೋನು ತೆಗೆಯುವುದಿಲ್ಲ. ತೆಗೆದು ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಊರಿನ ಸಿಮ್ಮಿಗೆ ರೀಚಾರ್ಜ್ ಇಲ್ಲದಿದ್ದರೆ ಸಂದೇಶವೇ ತಲುಪುವುದಿಲ್ಲ. ಇನ್ನು ಕೆಲವರದು ಬಹುಕಾಲ ರೀಚಾರ್ಜ್ ಮಾಡದೆ ರದ್ದಾಗಿಹೋದ ನಂಬರು. ಕಂಪನಿಗಳು ಅಂಥ ನಂಬರನ್ನು ಕೆಲವು ತಿಂಗಳ ಬಳಿಕ ಹೊಸ ಗಿರಾಕಿಗೆ ಕೊಡುತ್ತವೆ. ಆಗ ಇವರ ಬ್ಯಾಂಕಿನ ಸಂದೇಶ ಗುರುತು ಪರಿಚಯವಿಲ್ಲದವರ ಫೋನಿಗೆ ಹೋಗುತ್ತದೆ. ಇದನ್ನು ಸರಿಪಡಿಸಿಕೊಳ್ಳದೆ ಆ್ಯಪ್ ಕಲಿಸಿ ಪ್ರಯೋಜನವಿಲ್ಲ. ತರಗತಿಯ ಮೊದಲ ದಿನ ಪ್ರತಿಯೊಬ್ಬರೂ ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ, ರೇಶನ್ ಕಾರ್ಡ್ ತಂದು, ಯಾವುದಕ್ಕೆ ಯಾವ ನಂಬರು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವಂತಾದರೆ ಅದೇ ಒಂದು ವರ್ಷದ ಉಪಕಾರ.

ಇನ್ನೊಂದು ವಿಚಾರದಲ್ಲಿ ನನ್ನ ನಿಲುವು ಸ್ವಲ್ಪ ಬೇರೆ. ಎಲ್ಲರೂ ಎಲ್ಲವನ್ನೂ ಕಲಿಯಬೇಕಾಗಿಲ್ಲ. ವರ್ಷಕ್ಕೊಮ್ಮೆ ಬೇಕಾಗುವ ಆದಾಯ ಪ್ರಮಾಣಪತ್ರದ ಅರ್ಜಿಯನ್ನು ಎಪ್ಪತ್ತು ವರ್ಷದವರು ಸ್ವತಃ ತುಂಬಬೇಕೆಂದು ನಾನು ಹೇಳುವುದಿಲ್ಲ, ಅದಕ್ಕೆ ನಾವಿದ್ದೇವೆ. ಆದರೆ ಅರ್ಜಿ ಎಲ್ಲಿಗೆ ತಲುಪಿತು, ಮಂಜೂರಾಯಿತೋ ಹಿಂದೆ ಬಂತೋ ಎಂಬುದನ್ನು ಬಂದ ಸಂದೇಶ ನೋಡಿ ತಿಳಿಯುವಷ್ಟು ಸ್ವಾತಂತ್ರ್ಯ ಅವರಿಗೆ ಬೇಕು. ಅದಿಲ್ಲದೆ ಎಷ್ಟೋ ಜನ ಬಸ್ಸು ಹಿಡಿದು ಬರುತ್ತಾರೆ, ಕೇವಲ ‘ಆಯಿತೇ’ ಎಂದು ಕೇಳುವುದಕ್ಕೆ.

ನಿವೃತ್ತ ಅಧ್ಯಾಪಕ, ಮುಳ್ಳೇರಿಯ ಕಡೆ

ಗಡಿನಾಡ ಓದುಗರು ಘೋಷಣೆಯ ಮರುದಿನದ ಮಾತೆತ್ತಿದ್ದಾರೆ. ನಮ್ಮ ತಲೆಮಾರಿನವರಿಗೆ ಅದರ ಅನುಭವವಿದೆ. 1991ರ ಏಪ್ರಿಲ್ 18ರಂದು ಕಲ್ಲಿಕೋಟೆಯಲ್ಲಿ, ಹೊಸದಾಗಿ ಅಕ್ಷರ ಕಲಿತ ಮಲಪ್ಪುರಂ ಜಿಲ್ಲೆಯ ಚೇಲಕ್ಕೋಡನ್ ಆಯಿಷಾ ಅವರ ಬಾಯಿಂದ ಕೇರಳವು ಸಂಪೂರ್ಣ ಸಾಕ್ಷರವೆಂಬ ಘೋಷಣೆ ಹೊರಟಾಗ ರಾಜ್ಯವೇ ಹೆಮ್ಮೆಪಟ್ಟಿತು. ಆಮೇಲೆ ಕಲಿಕೆ ಯಾರಲ್ಲಿ ಉಳಿಯಿತು ಎಂದರೆ, ಪ್ರತಿದಿನ ಓದುವುದಕ್ಕೆ ಏನಾದರೂ ಇದ್ದವರಲ್ಲಿ. ಬಸ್ಸಿನ ಫಲಕ, ಲೆಕ್ಕದ ಪುಸ್ತಕ, ಪತ್ರಿಕೆ ಇವುಗಳ ಸಂಪರ್ಕ ಇಲ್ಲದವರು ಸಹಿಯ ಮಟ್ಟಕ್ಕೆ ಹಿಂದೆ ಸರಿದರು. ಮುಂದುವರಿಕೆಯ ಶಿಕ್ಷಣ ಕೇಂದ್ರಗಳನ್ನು ಆಗ ಏಕೆ ತೆರೆಯಬೇಕಾಯಿತು ಎಂಬುದನ್ನು ನೆನಪಿಟ್ಟುಕೊಂಡರೆ, ನಿಮ್ಮ ತರಗತಿಗೆ ಮುಕ್ತಾಯ ಸಮಾರಂಭವನ್ನೇ ಇಡಬಾರದೆಂದು ನನ್ನ ಸಲಹೆ. ವಾರದ ಒಂದು ನಿಶ್ಚಿತ ಹೊತ್ತಿಗೆ ಗ್ರಂಥಾಲಯದಲ್ಲಿ ಒಬ್ಬರು ಕುಳಿತಿರುತ್ತಾರೆ, ಯಾರೂ ಬಂದು ಕೇಳಬಹುದು ಎಂಬ ವ್ಯವಸ್ಥೆ ವರ್ಷವಿಡೀ ಇರಲಿ.

ಭಾಷೆಯ ಬಗ್ಗೆ ಉಪಯೋಗಕ್ಕೆ ಬರುವ ಕೆಲವು ವಿಷಯ ಹೇಳುತ್ತೇನೆ. ಫೋನಿನ ಪರದೆಯನ್ನು ಕನ್ನಡಕ್ಕೆ ಬದಲಾಯಿಸಬಹುದೆಂದು ತಿಳಿಯದವರೇ ನಮ್ಮಲ್ಲಿ ಹೆಚ್ಚು. ತಿಳಿದವರಲ್ಲೂ ಹಲವರು ಒಮ್ಮೆ ಬದಲಾಯಿಸಿ, ಬೇರೆಯವರು ಸಹಾಯ ಮಾಡಲು ಬಂದಾಗ ಕಷ್ಟವಾಯಿತೆಂದು ಮತ್ತೆ ಇಂಗ್ಲಿಷಿಗೆ ಮರಳಿದ್ದಾರೆ. 2022ರಲ್ಲಿ ಬಂದ ಆ್ಯಂಡ್ರಾಯ್ಡ್ 13ರಿಂದ ಈಚೆಗೆ ಒಂದೊಂದು ಆ್ಯಪ್‌ಗೆ ಒಂದೊಂದು ಭಾಷೆ ಇಡುವ ಅನುಕೂಲವಿದೆ. ಆ್ಯಪ್ ಅದಕ್ಕೆ ಒಪ್ಪುವಂತಿದ್ದರೆ ಫೋನನ್ನು ಕನ್ನಡದಲ್ಲಿಟ್ಟು, ಮಕ್ಕಳ ಸಹಾಯ ಬೇಕಾಗುವ ಒಂದೆರಡು ಆ್ಯಪ್‌ಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬಿಡಬಹುದು. ಮಲಯಾಳದ ಸಂದೇಶ ಬಂದರೆ ಅದನ್ನು ನಕಲಿಸಿ ಗೂಗಲ್ ಅನುವಾದಕದಲ್ಲಿ ಹಾಕಿ ಕನ್ನಡದಲ್ಲಿ ಓದುವುದನ್ನು, ಗೋಡೆಯ ಮೇಲಿನ ಮಲಯಾಳ ಪ್ರಕಟಣೆಯನ್ನು ಕ್ಯಾಮರಾ ಹಿಡಿದು ಓದುವುದನ್ನು ಕಲಿಸಿದರೆ ನಮ್ಮ ಜನರಿಗೆ ಅದರಷ್ಟು ಪ್ರಯೋಜನದ ಪಾಠ ಬೇರೊಂದಿಲ್ಲ. ದಿನಾಂಕ, ಮೊತ್ತ, ‘ಬೇಕು’ ‘ಬೇಡ’ ಇವುಗಳನ್ನು ಮಾತ್ರ ಮಲಯಾಳ ಬಲ್ಲ ಇನ್ನೊಬ್ಬರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು, ಯಂತ್ರ ಅಲ್ಲಿ ತಪ್ಪುವುದುಂಟು.

ಮಾತನಾಡಿ ಬರೆಸುವ ಸೌಲಭ್ಯ ಗೂಗಲ್‌ನಲ್ಲಿ ಕನ್ನಡಕ್ಕೆ 2017ರಲ್ಲೇ ಬಂದಿದೆ. ಅದು ಗುರುತಿಸುವುದು ಪುಸ್ತಕಕ್ಕೆ ಹತ್ತಿರವಾದ ಕನ್ನಡವನ್ನು. ತುಳು ಮನೆಮಾತಿನ ಅಜ್ಜಿಯೊಬ್ಬರು ಸಹಜವಾಗಿ ಮಾತನಾಡಿದರೆ ಪರದೆಯ ಮೇಲೆ ಏನೇನೋ ಮೂಡುತ್ತದೆ, ಅವರು ತಮ್ಮ ಮಾತೇ ಸರಿ ಇಲ್ಲವೆಂದು ಸುಮ್ಮನಾಗುತ್ತಾರೆ. 2024ರಲ್ಲಿ ಗೂಗಲ್ ಅನುವಾದಕಕ್ಕೆ ತುಳು ಸೇರಿದ್ದು ಸಂತೋಷದ ಸಂಗತಿಯಾದರೂ, ಆಡಿದ ತುಳು ಬರಹವಾಗುವ ದಿನಕ್ಕೆ ಇನ್ನೂ ಕಾಯಬೇಕಾಗಿದೆ. ಅಂಥವರಿಗೆ ಧ್ವನಿ ಸಂದೇಶವೇ ಸರಿಯಾದ ದಾರಿ. ಅಲ್ಲಿ ಕೇಳುವುದು ಮನುಷ್ಯ, ತುಳುವಿಗೂ ತಡೆ ಇಲ್ಲ.

ಪಯಸ್ವಿನಿ

ಅಧ್ಯಾಪಕರ ಕೊನೆಯ ಮಾತಿನಿಂದಲೇ ಮುಂದುವರಿಸುತ್ತೇನೆ. ನಾನು ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಒಂದು ಅಯಲ್‌ಕೂಟದಲ್ಲಿ, ಅಂದರೆ ನೆರೆಹೊರೆಯ ಹೆಂಗಸರ ಗುಂಪಿನಲ್ಲಿ, ಇದ್ದೇನೆ. ನಮ್ಮ ಕಡೆ ಬೀಡಿ ಕಟ್ಟಿ, ಅಡಿಕೆ ಸುಲಿದು ಬದುಕಿದ ಹೆಂಗಸರು ಬಹಳ. ಅವರಿಗೆ ಫೋನು ಕಲಿಸುವಾಗ ಯಾವ ಕೈಪಿಡಿಯೂ ಹೇಳದ ಕೆಲವು ಸಂಗತಿಗಳು ಎದುರಾದವು.

ಮೊದಲನೆಯದು ಬೆರಳು. ವರ್ಷಗಟ್ಟಲೆ ಅಡಿಕೆ ಸುಲಿದ ಹೆಬ್ಬೆರಳಿನ ಚರ್ಮ ಒಣಗಿ ದಪ್ಪವಾಗಿರುತ್ತದೆ. ಪರದೆ ಸ್ಪರ್ಶವನ್ನು ಗುರುತಿಸುವುದು ಚರ್ಮದ ತೇವ ಹಾಗೂ ವಿದ್ಯುದ್ವಾಹಕತೆಯಿಂದ. ಒಣ ಬೆರಳನ್ನು ಅದು ಸರಿಯಾಗಿ ಗುರುತಿಸದು. ಆಗ ಅವರು ಇನ್ನಷ್ಟು ಗಟ್ಟಿಯಾಗಿ, ಇನ್ನಷ್ಟು ಹೊತ್ತು ಒತ್ತುತ್ತಾರೆ. ಹೆಚ್ಚು ಹೊತ್ತು ಒತ್ತಿದರೆ ಆ್ಯಪ್ ತೆರೆಯುವ ಬದಲು ಅದರ ಚಿಹ್ನೆ ಅಲುಗಾಡತೊಡಗುತ್ತದೆ, ಅಳಿಸಬೇಕೇ ಎಂಬ ಪ್ರಶ್ನೆ ಬರುತ್ತದೆ, ಅವರು ಹೆದರಿ ಫೋನನ್ನು ಕೆಳಗಿಡುತ್ತಾರೆ. ಪಕ್ಕದಲ್ಲಿ ಒದ್ದೆ ಬಟ್ಟೆಯ ತುಂಡೊಂದನ್ನು ಇಟ್ಟುಕೊಂಡು ಬೆರಳು ಒರೆಸಿಕೊಂಡರೆ ಅರ್ಧ ತೊಂದರೆ ಹೋಗುತ್ತದೆ. ಉಳಿದ ಅರ್ಧಕ್ಕೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ, ಎಷ್ಟು ಹೊತ್ತು ಒತ್ತಿದರೆ ಅದನ್ನು ದೀರ್ಘ ಒತ್ತು ಎಂದು ಫೋನು ಎಣಿಸಬೇಕೆಂಬುದನ್ನು ಹೆಚ್ಚಿನ ಅವಧಿಗೆ ಬದಲಾಯಿಸಬೇಕು. ಅಕ್ಷರದ ಗಾತ್ರವನ್ನೂ ಅಲ್ಲೇ ದೊಡ್ಡದು ಮಾಡಬಹುದು. ಇದನ್ನು ಕಲಿಯುವವರ ಮೇಲೆ ಹೇರದೆ, ಕಲಿಸುವ ಮಕ್ಕಳೇ ಪಾಠಕ್ಕೆ ಮೊದಲು ಪ್ರತಿಯೊಂದು ಫೋನಿನಲ್ಲೂ ಮಾಡಿಕೊಡಬೇಕು.

ವಾಟ್ಸಾಪ್‌ನ ಧ್ವನಿ ಸಂದೇಶದಲ್ಲಿ ಇದರ ಉಲ್ಟಾ ಆಗುತ್ತದೆ. ಅಲ್ಲಿ ಮೈಕಿನ ಚಿಹ್ನೆಯ ಮೇಲೆ ಬೆರಳನ್ನು ಒತ್ತಿಯೇ ಹಿಡಿಯಬೇಕು. ಮಾತಿನ ಮಧ್ಯೆ ಬೆರಳು ಎತ್ತಿದರೆ ಅರ್ಧ ಮಾತು ಹೋಗಿಬಿಡುತ್ತದೆ. ಒತ್ತಿ ಹಿಡಿದು ಮೇಲಕ್ಕೆ ಸರಿಸಿದರೆ ಬೀಗದ ಚಿಹ್ನೆಯಲ್ಲಿ ನಿಲ್ಲುತ್ತದೆ, ಆಮೇಲೆ ಕೈಬಿಟ್ಟು ಎಷ್ಟು ಬೇಕಾದರೂ ಮಾತನಾಡಬಹುದು. ಈ ಒಂದು ಸರಿಸುವಿಕೆ ಕೈಗೆ ಹತ್ತಿದ ದಿನ ನಮ್ಮ ಅಯಲ್‌ಕೂಟದ ಹಿರಿಯ ಸದಸ್ಯೆಯೊಬ್ಬರು ಮದುವೆಯಾಗಿ ಪುತ್ತೂರಿಗೆ ಹೋದ ಮಗಳಿಗೆ ಉಪ್ಪಿನಕಾಯಿ ಹಾಕುವ ಕ್ರಮವನ್ನು ಆರಂಭದಿಂದ ಕೊನೆಯವರೆಗೆ ಹೇಳಿ ಕಳುಹಿಸಿದರು. ಮರುವಾರ ಅವರನ್ನು ಯಾರೂ ಕರೆಯಬೇಕಾಗಲಿಲ್ಲ, ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದರು.

ಎರಡನೆಯದು, ಫೋನು ಯಾರದು ಎಂಬ ಪ್ರಶ್ನೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಹೊಂದಿದ ಮಹಿಳೆಯರು ದೇಶದಲ್ಲಿ ಸುಮಾರು ಶೇ. 54, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಮಹಿಳೆಯರು ಶೇ. 33, ಪುರುಷರು ಶೇ. 57. ಕೇರಳದ ಸ್ಥಿತಿ ಇದಕ್ಕಿಂತ ಎಷ್ಟೋ ಉತ್ತಮ. ಆದರೂ ಬಡ ಮನೆಗಳಲ್ಲಿ ದೊಡ್ಡ ಪರದೆಯ ಫೋನು ಒಂದೇ ಇದ್ದು ಅದು ಬೆಳಿಗ್ಗೆ ಗಂಡನೊಡನೆಯೋ ಮಗನೊಡನೆಯೋ ಹೊರಗೆ ಹೋಗುತ್ತದೆ. ಸಂಜೆ ಮರಳಿದ ಮೇಲೆ ಮಕ್ಕಳ ಪಾಲು. ತರಗತಿಯಲ್ಲಿ ಕಲಿತದ್ದನ್ನು ಮನೆಯಲ್ಲಿ ಮಾಡಿ ನೋಡಲು ಅಮ್ಮನಿಗೆ ಸಮಯವೂ ಇಲ್ಲ, ಫೋನೂ ಇಲ್ಲ. ಆದ್ದರಿಂದ ಗ್ರಂಥಾಲಯದಲ್ಲಿ ಅಭ್ಯಾಸಕ್ಕೆಂದೇ ಕೆಲವು ಹಳೆಯ ಫೋನುಗಳನ್ನು ಇಡಬೇಕು. ಮನೆಗಳಲ್ಲಿ ಬಳಸದೆ ಬಿದ್ದಿರುವ ಫೋನುಗಳನ್ನು ಕೇಳಿ ಪಡೆಯಬಹುದು. ಹಿಂದಿನವರ ಚಿತ್ರ, ಖಾತೆ ಎಲ್ಲವನ್ನೂ ಅಳಿಸಿದ ಬಳಿಕವೇ ಕೈಗೆ ಕೊಡಬೇಕು.

ಸಂಜೆಯ ತರಗತಿಗೆ ಹೆಂಗಸರು ಬರಲಾರರು ಎಂಬುದನ್ನೂ ಗಮನಿಸಿ. ಮಧ್ಯಾಹ್ನದ ಊಟದ ಪಾತ್ರೆ ತೊಳೆದ ಮೇಲಿನ ಹೊತ್ತು ನಮಗೆ ಅನುಕೂಲ. ಇಲ್ಲವಾದರೆ ನೀವೇ ಅಯಲ್‌ಕೂಟದ ಸಭೆಗೆ ಬನ್ನಿ. ಉಳಿತಾಯದ ಲೆಕ್ಕ ಮುಗಿದ ಮೇಲೆ ಎಲ್ಲರೂ ಅಲ್ಲೇ ಕುಳಿತಿರುತ್ತೇವೆ.

ಕಡಲಾಚೆಯಿಂದ

ನನ್ನ ಊರು ಕುಂಬಳೆ ಸಮೀಪ. ಉದ್ಯೋಗ ಪೂರ್ವ ಆಫ್ರಿಕಾದಲ್ಲಿ. ಪಯಸ್ವಿನಿ ಅಕ್ಕ ಬರೆದದ್ದನ್ನು ಓದುವಾಗ ಇಲ್ಲಿಯ ಹಳ್ಳಿಗಳ ನೆನಪಾಯಿತು, ಏಕೆಂದರೆ ಒಂದೇ ಫೋನನ್ನು ಮನೆಯವರೆಲ್ಲ ಹಂಚಿಕೊಳ್ಳುವುದು ಇಲ್ಲಿಯೂ ಸಾಮಾನ್ಯ.

ಕೀನ್ಯಾದಲ್ಲಿ 2007ರಲ್ಲಿ ಸಫಾರಿಕಾಮ್ ಕಂಪನಿ ಫೋನಿನ ಮೂಲಕ ಹಣ ಕಳುಹಿಸುವ ಎಂ-ಪೆಸಾ ಸೇವೆ ಆರಂಭಿಸಿದಾಗ ಜನರ ಕೈಯಲ್ಲಿದ್ದದ್ದು ಸಾದಾ ಕೀಪ್ಯಾಡ್ ಫೋನು. ಅದಕ್ಕಾಗಿ ಯಾರೂ ತರಗತಿಗೆ ಹೋಗಲಿಲ್ಲ. ನೈರೋಬಿಯಲ್ಲಿ ದುಡಿಯುವ ಮಗ ಹಳ್ಳಿಯ ತಾಯಿಗೆ ಹಣ ಕಳುಹಿಸಬೇಕಾಗಿತ್ತು, ಆ ಅಗತ್ಯವೇ ಕಲಿಸಿತು. ಜೊತೆಗೆ ಊರ ಅಂಗಡಿಯಲ್ಲಿ ಏಜೆಂಟ್ ಇರುತ್ತಿದ್ದ. ಹಣ ಬಂದ ಸಂದೇಶ ಹಿಡಿದು ಅಂಗಡಿಗೆ ಹೋದ ತಾಯಿ ನೋಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಮರಳುತ್ತಿದ್ದಳು. ಗಡಿನಾಡ ಓದುಗರು ಹೇಳಿದ, ಅಗತ್ಯದಿಂದ ಆರಂಭಿಸಬೇಕೆಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಆದರೆ ಆ ಅಗತ್ಯ ಹಣದ್ದೇ ಆಗಿತ್ತು ಎಂಬುದನ್ನೂ ಅವರು ಗಮನಿಸಬೇಕು.

ರುವಾಂಡಾದಲ್ಲಿ ಸರಕಾರ ಯುವಕ ಯುವತಿಯರನ್ನು ಡಿಜಿಟಲ್ ರಾಯಭಾರಿಗಳೆಂದು ತರಬೇತಿಗೊಳಿಸಿ ಜಿಲ್ಲೆಗಳಿಗೆ ಕಳುಹಿಸಿತು. ಬಾಂಗ್ಲಾದೇಶದಲ್ಲಿ 2010ರಿಂದ ಯೂನಿಯನ್ ಮಟ್ಟದಲ್ಲಿ, ಅಂದರೆ ನಮ್ಮ ಪಂಚಾಯತಿಗೆ ಸಮಾನವಾದ ಘಟಕಗಳಲ್ಲಿ, ಡಿಜಿಟಲ್ ಕೇಂದ್ರಗಳು ಬಂದವು. ನಮ್ಮ ದೇಶದಲ್ಲೇ 2015ರಲ್ಲಿ ಗೂಗಲ್ ಮತ್ತು ಟಾಟಾ ಟ್ರಸ್ಟ್ಸ್ ಸೇರಿ ಆರಂಭಿಸಿದ ಇಂಟರ್‌ನೆಟ್ ಸಾಥಿ ಯೋಜನೆಯಲ್ಲಿ ಹಳ್ಳಿಯ ಹೆಂಗಸರೇ ಸೈಕಲ್ ಮೇಲೆ ಫೋನು, ಟ್ಯಾಬ್ಲೆಟ್ ಹೊತ್ತು ನೆರೆಯ ಹಳ್ಳಿಗಳ ಹೆಂಗಸರಿಗೆ ಕಲಿಸಿದರು. ಜಿಎಸ್‌ಎಂಎ ಸಿದ್ಧಪಡಿಸಿದ ಮೊಬೈಲ್ ಇಂಟರ್‌ನೆಟ್ ಕೌಶಲದ ಕೈಪಿಡಿಯೂ ಇದೆ. ಕಲಿಸುವವರಿಗೆ ಕಲಿಸುವ ಉದ್ದೇಶದಿಂದ ಮಾಡಿದ್ದು, ಉಚಿತವಾಗಿ ಸಿಗುತ್ತದೆ, ವಾಟ್ಸಾಪ್, ಯೂಟ್ಯೂಬ್, ಗೂಗಲ್ ಹುಡುಕಾಟ ಹೀಗೆ ಒಂದೊಂದಕ್ಕೂ ಚಿಕ್ಕ ಚಿಕ್ಕ ಪಾಠಗಳಿವೆ. ನೀವು ಹೊಸದಾಗಿ ಎಲ್ಲವನ್ನೂ ಬರೆಯುವ ಬದಲು ಅದರ ಚೌಕಟ್ಟನ್ನು ನೋಡಿ, ನಮ್ಮ ಊರಿನ ಉದಾಹರಣೆಗಳನ್ನು ತುಂಬಬಹುದು.

ಒಂದು ಎಚ್ಚರಿಕೆ. ರುವಾಂಡಾದಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿನ್ಯರುವಾಂಡಾ ಮಾತನಾಡುತ್ತಾರೆ, ಬಾಂಗ್ಲಾದೇಶದಲ್ಲಿ ಬಂಗಾಳಿ. ಒಂದು ಭಾಷೆಯಲ್ಲಿ ಪಾಠ ಮಾಡಿದರೆ ದೇಶಕ್ಕೇ ಆಯಿತು. ಕಾಸರಗೋಡಿನಲ್ಲಿ ಒಂದು ವಾರ್ಡಿಗೂ ಹಾಗೆ ಹೇಳುವಂತಿಲ್ಲ. ಹೊರಗಿನ ಯಾವ ಮಾದರಿಯೂ ನಮಗೆ ಇದ್ದ ಹಾಗೆಯೇ ಒಗ್ಗುವುದಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವವ

ಹಣಕಾಸನ್ನು ಕೊನೆಗೆ ಇಡಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ಕಾರಣ ಸರಳ: ವಂಚಕರು ನಿಮ್ಮ ಪಾಠಕ್ರಮ ಮುಗಿಯುವವರೆಗೆ ಕಾಯುವುದಿಲ್ಲ. ಯುಪಿಐ ಬಳಸದವರ ಖಾತೆಯಿಂದಲೂ ಹಣ ಹೋಗುತ್ತದೆ, ಅವರು ಫೋನಿನಲ್ಲಿ ಒಟಿಪಿ ಹೇಳಿದರೆ ಸಾಕು. ಹೆದರಿಸಿ, ಪೊಲೀಸರೆಂದು ನಂಬಿಸಿ, ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಗಂಟೆಗಟ್ಟಲೆ ಕೂರಿಸಿದವರಿಗೆ ಬಲಿಯಾದವರಲ್ಲಿ ವಿದ್ಯಾವಂತ ನಿವೃತ್ತರೂ ಇದ್ದಾರೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲವೆಂಬುದನ್ನು ಮೊದಲ ವಾರವೇ ಹೇಳಬೇಕು.

ರಕ್ಷಣೆಯ ಪಾಠವನ್ನು ಭಯದ ಪಾಠವಾಗಿ ಮಾಡಬಾರದು. ‘ಯಾವುದನ್ನೂ ಒತ್ತಬೇಡಿ’ ಎಂದು ಹೇಳಿದರೆ ಜನ ಫೋನನ್ನೇ ದೂರ ಇಡುತ್ತಾರೆ. ಅದರ ಬದಲು ಗಟ್ಟಿಯಾಗಿ ನೆನಪಿರುವ ಒಂದು ನಿಯಮ ಸಾಕು: ಪಿನ್ ಹಾಕುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಪಿನ್ ಬೇಡ. ಈ ನಿಯಮ ತಿಳಿಯದ ಕಾರಣದಿಂದಲೇ, ಹಣ ಬರುತ್ತದೆಂದು ನಂಬಿ ಪಿನ್ ಒತ್ತಿ ಕಳೆದುಕೊಂಡವರು ಅಸಂಖ್ಯ. ವ್ಯಕ್ತಿಗಳ ನಡುವೆ ಹಣ ಬೇಡುವ ಕೋರಿಕೆ ಕಳುಹಿಸುವ ಸೌಲಭ್ಯವನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಕ್ಕೂ ಇಂಥ ಮೋಸಗಳೇ ಕಾರಣ. ಹಾಗೆಂದು ನಿಯಮವನ್ನು ಕಲಿಸುವುದು ಬಿಡಬಾರದು, ಕ್ಯೂಆರ್ ಸಂಕೇತದ ಹೆಸರಿನಲ್ಲಿ ಅದೇ ಮೋಸ ನಡೆಯುತ್ತದೆ.

ಅಭ್ಯಾಸಕ್ಕೆ ನನ್ನ ಸಲಹೆ: ಪಿಂಚಣಿಯೋ ಉಳಿತಾಯವೋ ಇರುವ ಮುಖ್ಯ ಖಾತೆಯನ್ನು ಯುಪಿಐಗೆ ಜೋಡಿಸದೆ, ಚಿಕ್ಕ ಮೊತ್ತದ ಬೇರೊಂದು ಖಾತೆಯನ್ನು ಜೋಡಿಸಿ. ಹೋದರೂ ನೂರಿನ್ನೂರು ಎಂಬ ಧೈರ್ಯ ಇದ್ದಾಗ ಕೈ ನಡುಗುವುದಿಲ್ಲ. 2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ವ್ಯವಸ್ಥೆಯಲ್ಲಿ ಮಗಳ ಖಾತೆಯಿಂದ ತಾಯಿ ಅಂಗಡಿಯಲ್ಲಿ ಪಾವತಿಸಬಹುದು, ಪ್ರತಿಯೊಂದು ಪಾವತಿಗೂ ಮಗಳ ಅನುಮತಿ ಬೇಕೆಂದು ಇಡಬಹುದು. ಸಾದಾ ಫೋನಿನವರಿಗೆ ಇಂಟರ್‌ನೆಟ್ ಇಲ್ಲದೆಯೇ ಪಾವತಿಸುವ ಯುಪಿಐ 123ಪೇ 2022ರಿಂದ ಇದೆ. ಹಣ ಹೋದರೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಮರ್ಯಾದೆಗೆ ಅಂಜಿ ಮನೆಯವರಿಗೂ ಹೇಳದೆ ಎರಡು ದಿನ 
ಕಳೆಯುವವರು ಬಹಳ. ಅಷ್ಟರಲ್ಲಿ ಆ ಹಣ ಖಾತೆಯಿಂದ ಖಾತೆಗೆ ದಾಟಿ ತಡೆಹಿಡಿಯಲಾಗದಷ್ಟು ದೂರ ಹೋಗಿರುತ್ತದೆ.

ಪಯಸ್ವಿನಿ

ಬ್ಯಾಂಕಿನ ಸಹೋದರರು ಹೇಳಿದ ಯುಪಿಐ ಸರ್ಕಲ್ ವಯಸ್ಸಾದವರಿಗೆ ಒಳ್ಳೆಯದೇ ಇರಬಹುದು. ಆದರೆ ದುಡಿಯುವ ಹೆಂಗಸಿಗೆ ತನ್ನ ಖರ್ಚಿಗೆ ಪ್ರತಿಸಲ ಗಂಡನ ಅಥವಾ ಮಗನ ಅನುಮತಿ ಬೇಕೆಂಬ ವ್ಯವಸ್ಥೆಯನ್ನು ನಮ್ಮ ತರಗತಿಯಲ್ಲೇ ಕಲಿಸಿಕೊಡುವುದು ನನಗೆ ಸರಿ ಕಾಣುವುದಿಲ್ಲ. ಬೇರೆ ಚಿಕ್ಕ ಖಾತೆಯ ಸಲಹೆ ಉತ್ತಮ. ಉದ್ಯೋಗ ಖಾತರಿಯ ಕೂಲಿ ಬರುವ ಖಾತೆ ಅವರ ಹೆಸರಿನಲ್ಲೇ ಇದೆ. ಅದರ ಪಿನ್ ಅವರಿಗೆ ಮಾತ್ರ ಗೊತ್ತಿರಬೇಕು, ಎಟಿಎಂ ಕಾರ್ಡಿನ ಹಿಂದೆ ಬರೆದು ಮಗನ ಕೈಗೆ ಕೊಡುವ ಅಭ್ಯಾಸ ನಿಲ್ಲಬೇಕು.

ಗಡಿನಾಡ ಓದುಗ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಇಷ್ಟು ವಿವರವಾದ ಉತ್ತರಗಳ ಆಧಾರದಲ್ಲಿ ನಾವು ತರಗತಿಯ ರೂಪವನ್ನು ಗಣನೀಯವಾಗಿ ಬದಲಾಯಿಸಿದ್ದೇವೆ.

ಮೊದಲ ದಿನ ಫೋನು ಹೊರಗೆ ತೆಗೆಯುವ ಮುನ್ನ ನಂಬರುಗಳ ಚೀಟಿ ಬರೆಯಲಾಗುವುದು. ಅದೇ ದಿನ ವಿದ್ಯಾರ್ಥಿಗಳು ಪ್ರತಿಯೊಂದು ಫೋನಿನ ಅಕ್ಷರ ದೊಡ್ಡದು ಮಾಡಿ, ಒತ್ತುವ ಅವಧಿ ಹೆಚ್ಚಿಸಿ, ಒಡೆಯರ ಒಪ್ಪಿಗೆ ಇದ್ದರೆ ಪರದೆಯನ್ನು ಕನ್ನಡಕ್ಕೆ ತಿರುಗಿಸುವರು. ನಂತರ ಧ್ವನಿ ಸಂದೇಶ. ಹಣಕಾಸಿನ ವಿಷಯದಲ್ಲಿ ಬ್ಯಾಂಕಿನ ಮಿತ್ರರ ವಾದಕ್ಕೆ ನಾನು ತಲೆಬಾಗುತ್ತೇನೆ. ಪಿನ್ನಿನ ನಿಯಮ ಮತ್ತು 1930 ಮೊದಲ ವಾರವೇ ಬರುತ್ತವೆ, ಪಾವತಿ ಮಾಡುವುದು ಇಷ್ಟಪಟ್ಟವರಿಗೆ ಮಾತ್ರ ಮತ್ತು ಚಿಕ್ಕ ಖಾತೆಯಿಂದ ಮಾತ್ರ. ಅಯಲ್‌ಕೂಟಗಳಿಗೆ ನಾವೇ ಬರುತ್ತೇವೆ, ಪಯಸ್ವಿನಿಯವರು ಸಮಯ ತಿಳಿಸಿದರೆ ಸಾಕು.

ಕಲಿಸುವ ವಿದ್ಯಾರ್ಥಿಗಳಿಗೆ ಒಂದೇ ಒಂದು ಕಟ್ಟುನಿಟ್ಟು ಇಟ್ಟಿದ್ದೇವೆ: ಕಲಿಯುವವರ ಕೈಯಿಂದ ಫೋನು ತೆಗೆದುಕೊಳ್ಳುವಂತಿಲ್ಲ. ಮೊದಲ ದಿನದ ಸಿದ್ಧತೆಯ ಹೊರತಾಗಿ ಎಲ್ಲವನ್ನೂ ಬಾಯಿಮಾತಿನಲ್ಲಿ, ಬೇಕಾದರೆ ಬೆರಳು ತೋರಿಸಿ ಹೇಳಬೇಕು. ಮನೆಯಲ್ಲಿ ಮಕ್ಕಳು ‘ಕೊಡಿ ಇಲ್ಲಿ, ನಾನು ಮಾಡುತ್ತೇನೆ’ ಎಂದು ಕಸಿದುಕೊಳ್ಳುವುದರಿಂದಲೇ ಹಿರಿಯರು ಕಲಿಯದೆ ಉಳಿದಿದ್ದಾರೆ ಎಂಬುದು ನಾನು ಮತ್ತೆ ಮತ್ತೆ ಕಂಡ ಸತ್ಯ.

ಇನ್ನು ಬಗೆಹರಿಯದೆ ಉಳಿದಿರುವುದು ಕೈಪಿಡಿಯ ಭಾಷೆ. ಬರಹ ಕನ್ನಡದಲ್ಲಿರುತ್ತದೆ, ಒಂದು ಕೆಲಸಕ್ಕೆ ಒಂದು ಪುಟ, ದಪ್ಪ ಅಕ್ಷರ, ನಿಜವಾದ ಪರದೆಯ ಚಿತ್ರ. ಆದರೆ ಓದಲು ಬಾರದವರಿಗೆ ಅದೇ ಪಾಠವನ್ನು ತುಳು, ಬ್ಯಾರಿ, ಮರಾಠಿಗಳಲ್ಲಿ ಧ್ವನಿಮುದ್ರಿಸಿ ವಾಟ್ಸಾಪ್‌ನಲ್ಲಿ ಕಳುಹಿಸಬೇಕೆಂದಿದ್ದೇವೆ. ಮೂರು ನಿಮಿಷ ಮೀರದ ತುಣುಕುಗಳು ಸಾಕು. ತುಳುವಿಗೆ ಜನ ಇದ್ದಾರೆ. ಬ್ಯಾರಿ ಮತ್ತು ಮರಾಠಿಗೆ ಧ್ವನಿ ಕೊಡಬಲ್ಲ, ಸಾಧ್ಯವಾದರೆ ಸ್ವಲ್ಪ ವಯಸ್ಸಾದ ಹೆಂಗಸರು ಯಾರಾದರೂ ಇದ್ದರೆ ದಯವಿಟ್ಟು ಇಲ್ಲಿ ತಿಳಿಸಿ.

ಕೌಂಟರಿನ ಈಚೆಯಿಂದ

ನಂಬರುಗಳ ಚೀಟಿಯ ದಿನಕ್ಕೆ ನಾನು ಬರುತ್ತೇನೆ. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಬದಲಾಯಿಸಬೇಕಾದವರಲ್ಲಿ ಬೆರಳಚ್ಚು ಕೊಟ್ಟು ಕೇಂದ್ರದಲ್ಲೇ ಮಾಡಿಸಬೇಕಾದವರೂ ಇರಬಹುದು, ಅದನ್ನು ಗ್ರಂಥಾಲಯದಲ್ಲಿ ಮಾಡಲಾಗದು. ಅಂಥವರ ಹೆಸರನ್ನು ಆ ದಿನವೇ ಪಟ್ಟಿ ಮಾಡಿ, ಜನಸಂದಣಿ ಇಲ್ಲದ ಹೊತ್ತಿಗೆ ಒಟ್ಟಿಗೆ ಬರುವಂತೆ ಏರ್ಪಾಡು ಮಾಡೋಣ. ಬ್ಯಾರಿಗೆ ಧ್ವನಿ ಕೊಡಲು ನಮ್ಮ ನೆರೆಮನೆಯ ಉಮ್ಮ ಒಪ್ಪಬಹುದು, ನಾಳೆ ಕೇಳಿ ಬರೆಯುತ್ತೇನೆ.